ಮೊದಲ ಅಕ್ಷರ ಅಳಿಸಿದವರು

ನಮ್ಮ ಕೇಂದ್ರದ ಗೋಡೆಯ ಮೇಲೆ ಒಂದೇ ಒಂದು ಅಂಕಿ ಉರಿಯುತ್ತಿತ್ತು. ಒಬ್ಬ ಮನುಷ್ಯನನ್ನು ಹುಡುಕಿಕೊಡಲು ಯಂತ್ರಕ್ಕೆ ಸರಾಸರಿ ಎಷ್ಟು ಸೆಕೆಂಡು ಹಿಡಿಯಿತು ಎಂಬ ಅಂಕಿ. ಅರ್ಧ ಸೆಕೆಂಡಿಗಿಂತ ಕೆಳಗಿದ್ದರೆ ಹಸಿರು, ಮೇಲೇರಿದರೆ ಕೆಂಪು. ಹದಿನಾರು ವರ್ಷ ನಾನು ಆ ಅಂಕಿಯ ಮುಖ ನೋಡಿಕೊಂಡೇ ಚಹಾ ಕುಡಿದಿದ್ದೇನೆ. ಗಂಡನ ಮುಖವನ್ನು ಅಷ್ಟು ನೋಡಿದ್ದರೆ ಆತ ಸೊಲ್ಲಾಪುರಕ್ಕೆ ವರ್ಗ ಮಾಡಿಸಿಕೊಂಡು ಹೋಗುತ್ತಿರಲಿಲ್ಲವೇನೋ. ಇರಲಿ, ಅದು ಬೇರೆ ಕಥೆ.

ನನ್ನ ಹೆಸರು ಇಂದುಮತಿ ಕುಂದಗೋಳ. ಹುಬ್ಬಳ್ಳಿಯ ಮಣಿಗುರುತು ಕೇಂದ್ರದಲ್ಲಿ ಶೋಧ ವಿಭಾಗದ ಮುಖ್ಯಸ್ಥೆ. ಮಣಿಗುರುತು ಎಂದರೆ ಬಲಗೈ ಮಣಿಕಟ್ಟಿನ ಒಳಬದಿಗೆ ಬಣ್ಣವಿಲ್ಲದ ಶಾಯಿಯಲ್ಲಿ ಚುಚ್ಚಿದ ಇಪ್ಪತ್ತನಾಲ್ಕು ಅಕ್ಷರಗಳ ಒಂದು ಸಾಲು. ಹೆಬ್ಬೆರಳ ಕಡೆಯಿಂದ ಶುರುವಾಗಿ ಕಿರುಬೆರಳ ಕಡೆಗೆ ಮುಗಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಓದುಗ ಯಂತ್ರದ ಬೆಳಕಿಗೆ ಮಾತ್ರ ಕಾಣುತ್ತದೆ. ಮಂದಿ ಇದನ್ನು ಸರ್ಕಾರದ ಹಚ್ಚಿ ಎನ್ನುತ್ತಾರೆ. ಪಡಿತರ, ಗುಳಿಗೆ, ಬಸ್ಸು, ಆಸ್ಪತ್ರೆ, ಎಲ್ಲಕ್ಕೂ ಕೈ ಚಾಚಬೇಕು. ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ. ಅಕ್ಷರವೇ ಮನುಷ್ಯ. ಎಲ್ಲರೂ ಸಮ ಎಂದು ಉದ್ಘಾಟನೆಯ ದಿನ ದೊಡ್ಡ ದೊಡ್ಡ ಭಾಷಣಗಳಾದವು. ನಾನೂ ಚಪ್ಪಾಳೆ ತಟ್ಟಿದ್ದೆ.

ಚರ್ಮ ಸವೆದರೆ ಅಕ್ಷರವೂ ಸವೆಯುತ್ತದೆ. ಓದುಗ ಯಂತ್ರ ತನಗೆ ಕಾಣದ ಅಕ್ಷರದ ಜಾಗದಲ್ಲಿ ಒಂದು ಚುಕ್ಕಿ ಇಟ್ಟು ನಮ್ಮ ಕೇಂದ್ರಕ್ಕೆ ಕಳಿಸುತ್ತದೆ. ಚುಕ್ಕಿಯ ಜಾಗದಲ್ಲಿ ಯಾವ ಅಕ್ಷರವಾದರೂ ಇರಬಹುದು, ಹೊಂದುವವರನ್ನು ಹುಡುಕು ಎಂದರ್ಥ. ಹದಿನಾಲ್ಕು ಅಕ್ಷರ ಉಳಿದಿದ್ದರೂ ಸಾಕು, ಏಳು ಕೋಟಿ ಮಂದಿಯಲ್ಲಿ ಒಬ್ಬರೇ ಸಿಗುತ್ತಾರೆ ಎಂದು ಯೋಜನೆ ಬರೆದವರು ಬೆನ್ನು ತಟ್ಟಿಕೊಂಡಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಂಕಿ ಕೆಂಪಾಗತೊಡಗಿತು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಏರಲು ಶುರು, ಒಂದೂವರೆಗೆ ಇಳಿಕೆ. ಒಂದು ಸೋಮವಾರ ಹನ್ನೊಂದು ಸೆಕೆಂಡು ಮುಟ್ಟಿತು. ಆಗ ರಾಜ್ಯದ ತುಂಬ ಪಡಿತರದ ಸಾಲುಗಳು ನಿಂತಲ್ಲೇ ನಿಂತವು, ಬಸ್ಸಿನ ಬಾಗಿಲುಗಳು ತೆರೆಯದೆ ಜನ ಒಳಗೇ ಸಿಕ್ಕಿಬಿದ್ದರು.

ನಮ್ಮ ನಿರ್ದೇಶಕರು ವಾಮನರಾವ್ ಕಟ್ಟಿ. ನಿವೃತ್ತಿಗೆ ಒಂದು ವರ್ಷ ಉಳಿದಿರುವ, ಬಿ.ಪಿ. ಇರುವ, ಮಾತಿಗೊಮ್ಮೆ ಕೈಗಡಿಯಾರ ನೋಡುವ ಮನುಷ್ಯ. "ಇಂದೂಬಾಯಿ, ಮಾರ್ಚದಾಗ ಕಾರ್ಯದರ್ಶಿಗಳು ತಪಾಸಣೆಗೆ ಬರತಾರ. ಗ್ವಾಡಿ ಮ್ಯಾಲೆ ಕೆಂಪು ಕಂಡ್ರ ನನ್ನ ಪಿಂಚಣಿ ಕಾಗದಾನೂ ಕೆಂಪ ಆಗತದ," ಎಂದರು.

ನಾನೂ ಮೆಹಬೂಬ ಬಳಿಗಾರನೂ ಕೂತೆವು. ಮೆಹಬೂಬ ನನ್ನ ಕೈಕೆಳಗಿನ ಎಂಜಿನಿಯರ್, ಕಡಿಮೆ ಮಾತಿನವನು. ಮೊದಲು ಕೇಬಲ್ಲನ್ನು ಬೈದೆವು. ಆಮೇಲೆ ತಂಪು ಯಂತ್ರವನ್ನು ಬೈದೆವು. ನಾಲ್ಕು ಹೊಸ ಗಣಕ ಸೇರಿಸಿದೆವು, ಕೆಂಪು ಕೆಂಪಾಗಿಯೇ ಉಳಿಯಿತು. ಕೊನೆಗೆ ಯಾವ ಪ್ರಶ್ನೆಗಳು ಹೊತ್ತು ತಿನ್ನುತ್ತಿವೆ ಎಂದು ಒಂದೊಂದಾಗಿ ಹೆಕ್ಕಿ ನೋಡಿದಾಗ ಕಳ್ಳ ಸಿಕ್ಕಿದ. ಎಲ್ಲವೂ ಮೊದಲಲ್ಲೇ ಚುಕ್ಕಿ ಇದ್ದ ಪ್ರಶ್ನೆಗಳು. ನಡುವೆ ಚುಕ್ಕಿ, ಕೊನೆಗೆ ಚುಕ್ಕಿ ಇದ್ದವು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿದ್ದವು. ಮೊದಲ ಏಳೆಂಟು ಅಕ್ಷರವೇ ಇಲ್ಲದವು ಮಾತ್ರ ನಲವತ್ತು ಸೆಕೆಂಡು ಹಿಡಿಯುತ್ತಿದ್ದವು.

ಕಾರಣ ಸರಳ. ನಮ್ಮ ಪಟ್ಟಿ ನಿಘಂಟಿನ ಹಾಗೆ ಮೊದಲ ಅಕ್ಷರದಿಂದ ಜೋಡಿಸಿದ್ದು. ಮೊದಲಕ್ಷರ ಗೊತ್ತಿದ್ದರೆ ಸೀದಾ ಆ ಪುಟ ತೆಗೆಯಬಹುದು. ಕೊನೆಯ ಅಕ್ಷರ ಮಾತ್ರ ಗೊತ್ತಿದ್ದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಏಳು ಕೋಟಿ ಸಾಲನ್ನೂ ಓದಬೇಕು. ಅಂಥವು ನೂರಾರು ಒಟ್ಟಿಗೆ ಬಂದರೆ ಯಂತ್ರ ಅವುಗಳಲ್ಲೇ ಮುಳುಗುತ್ತದೆ, ಹಿಂದೆ ನಿಂತವರೆಲ್ಲ ಕಾಯುತ್ತಾರೆ.

ಆ ಪ್ರಶ್ನೆಗಳು ಎಲ್ಲಿಂದ ಬರುತ್ತಿವೆ ಎಂಬುದೂ ಪರದೆಯ ಮೇಲಿತ್ತು. ಹುಬ್ಬಳ್ಳಿ, ಗದಗ, ಇಳಕಲ್ಲು, ವಿಜಯಪುರದ ಹಳೆ ಓಣಿಗಳ ಔಷಧಿ ಕೌಂಟರುಗಳು. ಯಾವಾಗ ಬರುತ್ತಿವೆ ಎಂಬುದೂ ಇತ್ತು, ಹನ್ನೊಂದರಿಂದ ಒಂದೂವರೆ. ಇವರು ಯಾರು, ಏಕೆ ಇದೇ ಹೊತ್ತಿಗೆ ಬರುತ್ತಾರೆ, ಏಕೆ ಇವರೆಲ್ಲರ ಕೈಯಲ್ಲಿ ಹೆಬ್ಬೆರಳ ಕಡೆಯ ಅಕ್ಷರಗಳೇ ಅಳಿಸಿವೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಪ್ರಶ್ನೆಯನ್ನು ನೋಡಿದೆ, ಪ್ರಶ್ನೆಯ ಹಿಂದಿನ ಕೈಯನ್ನು ನೋಡಲಿಲ್ಲ.

ಸರಿಯಾದ ಮದ್ದು ನನಗೆ ಆಗಲೇ ಗೊತ್ತಿತ್ತು. ಅದೇ ಇಪ್ಪತ್ತನಾಲ್ಕು ಅಕ್ಷರಗಳನ್ನು ಹಿಂದುಮುಂದಾಗಿ ಬರೆದ ಇನ್ನೊಂದು ಪಟ್ಟಿ ಇಟ್ಟರಾಯಿತು. ಆಗ ಕೊನೆಯ ಅಕ್ಷರವೇ ಮೊದಲಾಗುತ್ತದೆ, ತಲೆ ಅಳಿಸಿದವರನ್ನು ಬಾಲದಿಂದ ಹಿಡಿಯಬಹುದು. ಹನ್ನೊಂದು ದಿನದ ಕೆಲಸ, ಇರುವ ಜಾಗದಷ್ಟೇ ಇನ್ನೊಂದು ಜಾಗ ಬೇಕು. ಕಟ್ಟಿಯವರು ಕೈಗಡಿಯಾರ ನೋಡಿದರು. "ಅದನ್ನ ಮುಂದ ನೋಡೂಣಂತ. ನಾಳೆ ಹಸಿರ ಆಗೂವಂಥಾದ್ದು ಏನರ ಹೇಳ್ರಿ."

ನಾಳೆ ಹಸಿರಾಗುವಂಥದ್ದೂ ನನಗೆ ಗೊತ್ತಿತ್ತು. ಮೊದಲ ಮೂರು ಜಾಗದಲ್ಲಿ ಚುಕ್ಕಿ ಇರುವ ಪ್ರಶ್ನೆಯನ್ನು ಹುಡುಕಲೇಬೇಡ ಎಂದು ಒಂದು ಸಾಲಿನ ನಿಯಮ. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ. ನಾನೇ ಬರೆದೆ.

ಮೆಹಬೂಬ ಕೇಳಿದ, "ಉತ್ತರಾ ಏನಂತ ಕಳಸೂಣ್ರಿ ಮೇಡಂ? ಕೌಂಟರ್ ಮಷೀನಿಗೆ 'ಇದ್ದಾರೆ', 'ಇಲ್ಲ', ಎರಡ ತಿಳೀತಾವ. 'ಹುಡುಕಲಿಲ್ಲ' ಅನ್ನೂದು ಮೂರನೇದ್ ಇಲ್ಲ."

"ಮೂರನೇದ್ ಸೇರಸಬೇಕಂದ್ರ?"

"ಹನ್ನೆರಡ್ ಸಾವಿರ ಕೌಂಟರ್ ಬದಲಿ ಮಾಡಬೇಕ್ರಿ."

"ಹಂಗಾರ 'ಇಲ್ಲ' ಅಂತ ಕಳಸು."

ಅವನು ಕೀಲಿಮಣೆಯಿಂದ ಕೈ ತೆಗೆದ. "ತಡದಿದ್ದನ್ನ ಬರದಿಡೂಣೇನ್ರಿ? ನಾಳೆ ಯಾರ ಕೇಳಿದ್ರ..."

"ಬ್ಯಾಡ. ಬರಿಯಾಕೂ ಹೊತ್ತ್ ಹಿಡೀತೈತಿ."

ಆಗ ಜನವರಿಯ ಕೊನೆಯ ವಾರ. ಮರುದಿನ ಹನ್ನೊಂದಕ್ಕೆ ಎಲ್ಲರೂ ಗೋಡೆ ನೋಡುತ್ತ ನಿಂತೆವು. 0.31. ಹಸಿರು. ಕಟ್ಟಿಯವರು ಧಾರವಾಡದಿಂದ ಪೇಡೆ ತರಿಸಿದರು.

ಇನ್ನು ಫಕೀರವ್ವನ ಮಾತು. ಆಕೆ ಹಳೆ ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಒಲೆ ಹೂಡಿ ರೊಟ್ಟಿ ಬಡಿಯುವವಳು. ಮೂರು ಖಾನಾವಳಿಗೆ ದಿನಾ ನಾನೂರು ಜೋಳದ ರೊಟ್ಟಿ, ನನ್ನಂಥ ಹತ್ತು ಮನೆಗೆ ಐದೈದು. ಬೆಳಗಿನ ಐದಕ್ಕೆ ಕೂತರೆ ಹತ್ತೂವರೆಗೆ ಏಳುತ್ತಾಳೆ. ಜೊತೆಗೆ ಮಗಳು ಕಸ್ತೂರಿ, ಇಪ್ಪತ್ತಾರರ ಹುಡುಗಿ. ಐದು ವರ್ಷದ ಹಿಂದೆ ಫಕೀರವ್ವನ ಹೃದಯಕ್ಕೆ ಹೊಸ ಕವಾಟ ಕೂಡಿಸಿದ್ದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಗುಳಿಗೆ, ಬದುಕಿರುವವರೆಗೆ. ಆ ಗುಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ಕೌಂಟರಿನಲ್ಲಿ ಮಣಿಗುರುತು ತೋರಿಸಿಯೇ ಪಡೆಯಬೇಕು. ಹೊರಗೆ ಎಲ್ಲಿಯೂ ಮಾರುವಂತಿಲ್ಲ.

ಫೆಬ್ರುವರಿಯ ಮೊದಲ ವಾರ ರೊಟ್ಟಿ ತರಲು ಹೋದಾಗ ಆಕೆ ನಗುತ್ತಲೇ ಹೇಳಿದಳು. "ಬಾಯಾರ, ಗುಳಿಗಿ ಅಂಗಡ್ಯಾಗ ನಾ ಇಲ್ಲ ಅಂತ ಬಂತ್ರಿ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ಲರಿ. ಮುಂದ ನಿಂತೇನಿ, ಆ ಹುಡುಗಗ ಕಾಣಸ್ತೇನಿ, ಮಷೀನಿಗೆ ಕಾಣವಲ್ಲೆ. ಮೊದಲ ಸ್ವಲ್ಪ ತಡಾ ಮಾಡ್ತಿತ್ತು, ಆದ್ರ ಕೊಡ್ತಿತ್ತ್ರಿ. ಈಗ ಕೈ ಇಡೂದ ತಡ, ಇಲ್ಲ ಅಂತೈತಿ."

"ಕೈಗೆ ಹಿಟ್ಟ್ ಹತ್ತಿರಬೇಕ್ ಬೇ. ಛಲೋತ್ನಂಗ ತೊಳಕೊಂಡು, ಒರಿಸಿಕೊಂಡು ಇಡು."

ನನಗೆ ಅಲ್ಲಿಯೇ ತಿಳಿಯಿತು ಎಂದರೆ ಸುಳ್ಳಾಗುತ್ತದೆ. ತಿಳಿಯಲಿಲ್ಲ ಎಂದರೂ ಸುಳ್ಳಾಗುತ್ತದೆ. "ಕೈ ಇಡೂದ ತಡ" ಎಂದ ಮಾತು ಮನೆಗೆ ಬರುವವರೆಗೂ ಕಿವಿಯಲ್ಲಿತ್ತು. ಬಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ.

ಹದಿನೈದು ದಿನದ ಮೇಲೆ ಮತ್ತೆ 'ಇಲ್ಲ' ಬಂತು. ಫಕೀರವ್ವನ ಪಕ್ಕದ ಮನೆಯ ಹುಸೇನಬಿಗೂ ಅದೇ ಕಾಯಿಲೆ, ಅದೇ ಗುಳಿಗೆ. ಆಕೆ ಬಳೆಗಾರ್ತಿ, ಮಣಿಕಟ್ಟು ನೆಟ್ಟಗಿತ್ತು. ತನ್ನ ಗುಳಿಗೆಯನ್ನು ಈಳಿಗೆಮಣೆಯ ಮೇಲೆ ಅರ್ಧ ಕತ್ತರಿಸಿ ಫಕೀರವ್ವನಿಗೆ ಕೊಡತೊಡಗಿದಳು. ಇಬ್ಬರಿಗೂ ಅರ್ಧರ್ಧ. ಡಾಕ್ಟರು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಓಣಿಯ ಉಳಿದ ರೊಟ್ಟಿಯವರೂ ತಮಗೆ ತಿಳಿದ ಉಪಾಯ ಹೂಡಿದ್ದರು. ಒಬ್ಬಳು ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಹೋಗುತ್ತಿದ್ದಳು, ಇನ್ನೊಬ್ಬಳು ಒದ್ದೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಮತ್ತೊಬ್ಬಳು ಎಡಗೈಯಿಂದ ಬಡಿಯುವುದನ್ನು ಐವತ್ತರ ವಯಸ್ಸಿನಲ್ಲಿ ಕಲಿಯುತ್ತಿದ್ದಳು.

ಆ ದಿನ ನಾನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಫಕೀರವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಬೆರಳಿನಿಂದಲೇ ಅಂಚು ಎತ್ತಿ ತಿರುವಿ ಹಾಕುತ್ತಿದ್ದಳು. ಪ್ರತಿ ಸಲ ಅಂಗೈ ಕೆಳಮುಖವಾಗಿ ಹಂಚಿನ ಮೇಲೆ ಬಾಗುತ್ತಿತ್ತು, ಹೆಬ್ಬೆರಳ ಕಡೆಯ ಮಣಿಕಟ್ಟು ಬಿಸಿ ಅಂಚಿಗೆ ತಾಗಿಯೂ ತಾಗದಂತೆ ಸವರಿಕೊಂಡು ಹೋಗುತ್ತಿತ್ತು. ದಿನಕ್ಕೆ ನಾನೂರು ಸಲ, ನಲವತ್ತು ವರ್ಷ. ಅಲ್ಲಿ ಚರ್ಮ ಕಪ್ಪಾಗಿ ದಪ್ಪಗಟ್ಟಿ ಹೊಳೆಯುತ್ತಿತ್ತು. ಬೆಳಗಿನ ರೊಟ್ಟಿ ಮುಗಿದ ಮೇಲೆ, ಹನ್ನೊಂದಕ್ಕೆ, ಇವರೆಲ್ಲ ಗುಳಿಗೆಗೆ ಹೋಗುತ್ತಿದ್ದರು. ನನ್ನ ಕೆಂಪು ಅಂಕಿ ಎಂದರೆ ಇವರೇ.

"ಯಾಕ್ರಿ ಬಾಯಾರ, ಮಾರಿ ಸಣ್ಣ ಆತು?" ಎಂದಳು.

"ಏನಿಲ್ಲ ಬೇ. ಹೊಗಿ," ಎಂದೆ.

ಅಂದೇ ಕಟ್ಟಿಯವರ ಕೋಣೆಗೆ ಹೋದೆ. ನಿಯಮ ತೆಗೆಯಲು ಎರಡು ಕೀಲಿ ಬೇಕು, ನನ್ನದೊಂದು, ಅವರದೊಂದು. ವಿಷಯ ಎಲ್ಲ ಹೇಳಿದೆ. ಅವರು ಕಲ್ಲುಮನಸ್ಸಿನವರಲ್ಲ, ಕೇಳಿ ನಿಜವಾಗಿಯೂ ನೊಂದುಕೊಂಡರು. ನೊಂದುಕೊಂಡೇ ಕೈಗಡಿಯಾರ ನೋಡಿದರು.

"ಆಕಿ ಕೈಗೆ ಹೊಸಾದ್ ಚುಚ್ಚಿಸಲಿಕ್ಕೆ ಬರಂಗಿಲ್ಲೇನ್ರಿ?"

"ಚುಚ್ಚಬೇಕಂದ್ರ ಹಳೇ ಅಕ್ಷರಾ ಯಾವು ಅಂತ ಪಟ್ಟಿಯೊಳಗ ಹುಡುಕಬೇಕ್ರಿ ಸರ್. ಹುಡುಕೂದನ್ನ ನಾವ ನಿಲ್ಲಿಸೇವಿ."

"ತಪಾಸಣೆ ಇನ್ನ ಹದಿನೆಂಟ್ ದಿವಸ ಅದ. ಒಬ್ಬಾಕಿ ಸಲುವಾಗಿ ಏಳು ಕೋಟಿ ಮಂದಿ ಕಾಯಬೇಕೇನ್ರಿ?"

ಇದಕ್ಕೆ ಉತ್ತರವಿತ್ತು. ಆಕೆ ಒಬ್ಬಳಲ್ಲ ಎನ್ನಬಹುದಿತ್ತು. ಎಷ್ಟು ಮಂದಿ ಎಂದು ಕೇಳಿದ್ದರೆ ತೋರಿಸಲು ನನ್ನ ಹತ್ತಿರ ಕಾಗದವಿರಲಿಲ್ಲ, ತಡೆದವರನ್ನು ಬರೆದಿಡಬೇಡ ಎಂದವಳು ನಾನೇ. ಮೇಲಾಗಿ ಆ ವರ್ಷದ ಉತ್ತಮ ಅಧಿಕಾರಿಯ ಪ್ರಶಸ್ತಿಗೆ ನನ್ನ ಹೆಸರು ಹೋಗಿದೆ ಎಂದು ಅವರೇ ಹಿಂದಿನ ದಿನ ಹೇಳಿದ್ದರು. ನಾನು ಮೇಜು ಗುದ್ದಲಿಲ್ಲ. "ತಪಾಸಣೆ ಆದ ಕೂಡಲೇ ಹಿಮ್ಮುಖ ಪಟ್ಟಿ ಮಾಡೂಣ್ರಿ ಸರ್," ಎಂದು ಕೇಳಿಕೊಂಡು ಹೊರಗೆ ಬಂದೆ. ಅವರು ಒಪ್ಪಿದರು. ದೊಡ್ಡದೇನನ್ನೋ ಗೆದ್ದೆ ಎಂದು ಆ ಸಂಜೆ ನನಗನಿಸಿತ್ತು, ನಾಚಿಕೆಗೇಡು.

ಹದಿನೆಂಟು ದಿನ ಫಕೀರವ್ವನ ಮನೆಗೆ ನಾನು ಹೋಗಲಿಲ್ಲ. ರೊಟ್ಟಿ ತರಲು ನನ್ನ ಪಕ್ಕದ ಮನೆಯವರಿಗೆ ಹೇಳಿದೆ.

ತಪಾಸಣೆಯ ದಿನ ಗೋಡೆಯ ಮೇಲೆ 0.29. ಕಾರ್ಯದರ್ಶಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ನೀವು ಏಳು ಕೋಟಿ ಜನರ ಸಮಯ ಉಳಿಸಿದಿರಿ" ಎಂದರು. ಫೋಟೊದಲ್ಲಿ ನಾನು ನಗುತ್ತಿದ್ದೇನೆ. ಹಲ್ಲು ಚೆನ್ನಾಗಿ ಬಂದಿವೆ.

ಮರುದಿನವೇ ಕೆಲಸ ಶುರು ಮಾಡಿದೆವು. ಏಳು ಕೋಟಿ ಸಾಲುಗಳನ್ನು ತಿರುಗಿಸಿ ಬರೆದು, ಬರೆದದ್ದನ್ನು ತಾಳೆ ನೋಡಿ, ಮತ್ತೆ ಜೋಡಿಸುವ ಕೆಲಸ. ಮೂರನೆಯ ದಿನ ಮೆಹಬೂಬ ಇನ್ನೊಂದು ಸುದ್ದಿ ತಂದ. ನಲವತ್ತೈದು ದಿನ ಎಲ್ಲಿಯೂ ಕಾಣಿಸದ ಗುರುತನ್ನು ಯಂತ್ರ ತಾನಾಗಿಯೇ ಮೃತರ ಪಟ್ಟಿಗೆ ಸರಿಸುತ್ತದೆ, ಅದು ಹಳೆಯ ನಿಯಮ. ಪಡಿತರಕ್ಕೆ, ಗುಳಿಗೆಗೆ, ಬಸ್ಸಿಗೆ, ಯಾವುದಕ್ಕೂ ಕೈ ಚಾಚದೆ ಅಷ್ಟು ದಿನ ಬದುಕುವವರು ಯಾರಿದ್ದಾರೆ ಎಂಬ ಲೆಕ್ಕ. ನಮ್ಮ ನಿಯಮ ಬಂದಂದಿನಿಂದ ಮೃತರ ಪಟ್ಟಿ ಎಂದಿಗಿಂತ ಮೂವತ್ತೊಂದು ಸಾವಿರ ಹೆಚ್ಚು ಬೆಳೆದಿತ್ತು.

"ಇದರಾಗ ಖರೇನ ಸತ್ತವರು ಯಾರು, ನಾವು ಸಾಯಿಸಿದವರು ಯಾರು, ಹೆಂಗ ತಿಳೀಬೇಕ್ರಿ ಮೇಡಂ?" ಎಂದ.

ತಿಳಿಯುವ ದಾರಿಯಿರಲಿಲ್ಲ. ತಡೆದದ್ದನ್ನು ಬರೆದಿಟ್ಟಿದ್ದರೆ ಆ ಬಾಲಗಳನ್ನು ಹಿಡಿದು ಒಬ್ಬೊಬ್ಬರನ್ನೇ ಹೊರಗೆಳೆಯಬಹುದಿತ್ತು. ಮೆಹಬೂಬ ಅಂದು ಕೇಳಿದ್ದನ್ನು ಇಂದು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿತ್ತು. ಇನ್ನು ಅವರಾಗಿಯೇ ಮತ್ತೊಮ್ಮೆ ಕೌಂಟರಿಗೆ ಬಂದು ಕೈ ಇಟ್ಟರೆ ಮಾತ್ರ ಉಂಟು. ಹತ್ತು ಸಲ 'ಇಲ್ಲ' ಎನ್ನಿಸಿಕೊಂಡವರು ಹನ್ನೊಂದನೆಯ ಸಲ ಯಾವ ಮುಖ ಹೊತ್ತು ಬಂದಾರು.

ಒಂಬತ್ತನೆಯ ದಿನ ಮಧ್ಯಾಹ್ನ ಕಸ್ತೂರಿ ಕೇಂದ್ರದ ಬಾಗಿಲಿಗೇ ಬಂದಳು. ಕೈಯಲ್ಲಿ ಇನ್ನೂ ಹಿಟ್ಟಿತ್ತು.

"ಅವ್ವ ಮೊನ್ನೆ ಒಲಿ ಮುಂದ ಬಿದ್ಲ್ರಿ. ಬಲಗೈ, ಬಲಗಾಲು ಹೋದುವ್ರಿ. ಮಿದುಳಾಗ ರಕ್ತ ಗಡ್ಡಿ ಕಟ್ಟೈತಂತ್ರಿ."

"ದವಾಖಾನಿ?"

"ಎರಡ್ ದಿನ ಇಟ್ಕೊಂಡ್ರ್ರಿ. ಗುರುತ್ ಇಲ್ಲದವರನ್ನ ಎರಡ ದಿನ ಇಟ್ಕೋಬಹುದಂತ. ಇವತ್ತ ಮುಂಜಾನೆ ಮನಿಗೆ ಕಳಿಸಿದ್ರು." ಆಮೇಲೆ, ನನ್ನ ಕಡೆ ನೋಡದೆ, ಕೇಳಿದಳು. "ಹುಸೇನಬಿ ಹೇಳಿದ್ಲು, ಆ ಮಷೀನು ನಿಮ್ಮ ಆಫೀಸಿಂದಂತ. ಖರೇ ಏನ್ರಿ?"

"ಖರೆ," ಎಂದೆ.

ಆಕೆ ಬಯ್ಯಲಿಲ್ಲ. ತಲೆ ಆಡಿಸಿ, ಸೆರಗಿಗೆ ಹಿಟ್ಟು ಒರೆಸಿಕೊಂಡು ಹೋದಳು.

ಇನ್ನೆರಡು ದಿನಕ್ಕೆ ಹಿಮ್ಮುಖ ಪಟ್ಟಿ ನಿಂತಿತು. ಮೃತರ ಪಟ್ಟಿಯನ್ನೂ ಅದರೊಳಗೆ ಸೇರಿಸಿದ್ದೆ. ನಿಯಮ ತೆಗೆಯುವಾಗ ಕಟ್ಟಿಯವರು ತಮ್ಮ ಕೀಲಿಯನ್ನು ಮರುಮಾತಿಲ್ಲದೆ ಕೊಟ್ಟರು. ಗೋಡೆಯ ಮೇಲಿನ ಅಂಕಿ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಜನವರಿಯಲ್ಲೇ ಈ ಹನ್ನೊಂದು ದಿನ ಕೂತಿದ್ದರೆ ಆಗಲೂ ಏರುತ್ತಿರಲಿಲ್ಲ.

ಕೈಯಲ್ಲಿ ಹಿಡಿಯುವ ಓದುಗ ಯಂತ್ರ, ಒಂದು ತಿಂಗಳ ಗುಳಿಗೆಗೆ ಡಾಕ್ಟರ ಚೀಟಿ, ಎರಡನ್ನೂ ಹಿಡಿದುಕೊಂಡು ಹಳೆ ಹುಬ್ಬಳ್ಳಿಗೆ ಹೋದೆ. ಹತ್ತು ಗಂಟೆಯ ಹೊತ್ತು. ಒಲೆ ಉರಿಯುತ್ತಿತ್ತು, ಕಸ್ತೂರಿ ಒಬ್ಬಳೇ ಬಡಿಯುತ್ತಿದ್ದಳು. ಫಕೀರವ್ವನನ್ನು ಗೋಡೆಗೆ ದಿಂಬು ಕೊಟ್ಟು ಒಲೆ ಕಾಣುವಂತೆ ಕೂರಿಸಿದ್ದರು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು. ಬಲಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಯಾರೋ ತಂದಿಟ್ಟು ಮರೆತು ಹೋದ ಸಾಮಾನಿನ ಹಾಗೆ.

ನಾನು ಆ ಕೈ ಎತ್ತಿಕೊಂಡು ಯಂತ್ರ ಹಿಡಿದೆ. ಹಿಡಿದೆನೋ ಇಲ್ಲವೋ, ಹಸಿರು ದೀಪ. 'ಇದ್ದಾರೆ'.

ಫಕೀರವ್ವ ದೀಪ ನೋಡಿದಳು. ನಾಲಿಗೆ ತೊಡರುತ್ತಿತ್ತು, ಒಂದೊಂದು ಮಾತನ್ನೂ ನಿಧಾನ ಹೊರಗೆ ಹಾಕಿದಳು. "ಎಷ್ಟ್... ಲಗೂನ... ಸಿಕ್ಕೆ."

"ಹೂಂ ಬೇ. ಈಗ ಎಲ್ಲಾರೂ ಲಗೂನ ಸಿಗತಾರ."

"ಮೊದಲ... ಯಾಕ ಸಿಗಲಿಲ್ಲ?"

ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು, ನಂಬುತ್ತಿದ್ದಳು. ನನ್ನ ಬಾಯಿಗೆ ಅದು ಬರಲಿಲ್ಲ. "ನಿನ್ನ ಹುಡುಕಾಕ ನಲವತ್ತ್ ಸೆಕೆಂಡ್ ಹಿಡೀತಿತ್ತು. ಭಾಳ ಹೊತ್ತಾಗತೈತಂತ ಹುಡುಕೂದನ್ನ ಬಿಡಿಸಿದೆ. ನಾನ ಬಿಡಿಸಿದೆ, ಯವ್ವಾ."

ಕಸ್ತೂರಿಯ ಕೈ ನಿಂತಿತು. ಫಕೀರವ್ವ ನನ್ನನ್ನೇ ನೋಡಿದಳು. ಕೋಪ ಬರಲಿ ಎಂದು ಕಾದೆ. ಬಂದಿದ್ದರೆ ನನಗೆ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತು. ಆಕೆಯ ಮುಖದಲ್ಲಿ ಇದ್ದದ್ದು ಬರೀ ಲೆಕ್ಕ ತಿಳಿಯದ ಗೊಂದಲ.

"ನಲವತ್ತ್ ಸೆಕೆಂಡ್ ಅಂದ್ರ... ಎಷ್ಟ್ರಿ?"

ನಾನು ಒಲೆಯ ಕಡೆ ನೋಡಿದೆ. ಕಸ್ತೂರಿಗೆ ಏನನಿಸಿತೋ, ಬಡಿದಿಟ್ಟ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿದಳು. ನೀರು ಸವರಿದಳು. ನಾನು ಬಾಯಿಬಿಟ್ಟು ಎಣಿಸಿದೆ. ನಲವತ್ತು ಎಂದಾಗ ಆಕೆ ಬೆರಳಿನಿಂದ ಅಂಚು ಎತ್ತಿ ತಿರುವಿ ಹಾಕಿದಳು. ಎಳೆಯ ಮಣಿಕಟ್ಟು ಹಂಚಿಗೆ ತಾಗಿ, ಹಿಂದೆ ಬಂತು.

"ಅಷ್ಟ?" ಎಂದಳು ಫಕೀರವ್ವ. "ನಾ... ಕಾಯ್ತಿದ್ದೆನಲ್ರಿ ಬಾಯಾರ."